ದಿನಾ ಅರ್ಧ ಗಂಟೆಯ ವಾಕಿಂಗು

"ನೀನು ಕೊಟ್ಟ ಮಾತ್ರೆ ತಿಂದೇ ನಾನು ಬಿದ್ದಿದ್ದು ಕಣೇ... ಈಗ ಸಮಾಧಾನ ಆಯ್ತಾ ನಿಂಗೆ?"

ಪ್ಲಾಸ್ಟರ್ ಹಾಕಿದ ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಅತ್ತೆ ಹೀಗೆ ಕೇಳುವಾಗ, ಸೊಸೆ ನೆಲದ ಮೇಲೆ ಕೂತು ಅವರ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು. ಮಾತ್ರೆ ಕೊಟ್ಟದ್ದು ಅವಳ ಕೈಯೇ, ಸುಳ್ಳೇನಲ್ಲ. ಮೂರು ದಿನದಿಂದ ಆ ಕೈಯನ್ನು ನೋಡಿಕೊಂಡೇ ಅವಳು ಅತ್ತಿದ್ದಳು.

"ಅಳೋದು ಆಮೇಲೆ. ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ನೇರ ವೃದ್ಧಾಶ್ರಮಕ್ಕೆ. ಮಾತಾಡಿ ಆಗಿದೆ. ಒಳ್ಳೆ ತೋಟ ಇದೆ, ನರ್ಸ್ ಇದ್ದಾರೆ. ಅಮ್ಮನ್ನ ಇನ್ನು ಇವಳ ಕೈಲಿ ಬಿಡೋಕಾಗಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಹಿರಿಯ ಮಗ. ಕೂರಲಿಲ್ಲ, ಇಸ್ತ್ರಿ ಕೆಡುತ್ತದೆ. ಕಾಲೇಜಿನ ಪ್ರಿನ್ಸಿಪಾಲರು ಅವರು, ಹೆತ್ತ ತಾಯಿಯೂ ಹಾಗೇ ಕರೆಯಬೇಕು. ಅತ್ತೆಯಂತೂ ಬಾಯ್ತುಂಬ ಕರೆಯುತ್ತಿದ್ದರು. ಸೊಸೆಗಿಟ್ಟ ಹೆಸರು ಮಾತ್ರ ಕತ್ತರಿ.

ಕತ್ತರಿಯೆಂದರೆ ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬೋರ್ಡಿನ ಮೇಲೆ ತನ್ನ ಫೋನ್ ನಂಬರನ್ನು ಕೆಂಪು ಬಣ್ಣದಲ್ಲಿ ಬರೆಸಿದವಳು. "ಮನೆ ಸೊಸೆ ನಂಬರ್ ಬೀದಿ ಪಾಲು," ಎಂದು ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಆರು ವರ್ಷದಿಂದ ಮೂಗು ಮುರಿಯುತ್ತಿದ್ದರು. ಅವಳ ಗಂಡ, ಕಿರಿಯ ಮಗ, ದೂರದ ಊರುಗಳಿಗೆ ಬಸ್ ಓಡಿಸುವವನು, ಮನೆಯಲ್ಲಿದ್ದ ದಿನ ನಿದ್ದೆ. ಅತ್ತೆಯ ಸ್ನಾನ, ಊಟ, ಗೊಣಗಾಟ ಎಲ್ಲವೂ ಕತ್ತರಿಯ ಪಾಲು.

ಹನ್ನೆರಡು ದಿನದ ಹಿಂದೆ ಅತ್ತೆಗೆ ಎದೆ ಹಿಡಿದುಕೊಂಡಾಗ ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದು ಆಟೋ ಹಿಡಿದವಳೂ ಇವಳೇ. ತುರ್ತು ವಿಭಾಗದಲ್ಲಿ ಎಲ್ಲ ಪರೀಕ್ಷೆ ಮುಗಿದು, ಜೀವಕ್ಕೆ ಅಪಾಯವಿಲ್ಲ ಎಂದ ಮೇಲೆ ಪ್ರಿನ್ಸಿಪಾಲರು ಆಗಮಿಸಿದರು. ಬಂದವರೇ ಜೇಬಿನಿಂದ ಪೆನ್ನು ತೆಗೆದರು. "ನೀನು ಹೊರಗೆ ಕೂತ್ಕೋ, ಇದೆಲ್ಲ ನಿನಗೆ ತಿಳಿಯಲ್ಲ." ಫಾರಂ ತುಂಬಿದರು, ತಮ್ಮ ನಂಬರ್ ಬರೆದರು, ಜವಾಬ್ದಾರಿ ನನ್ನದು ಎಂದು ಉದ್ದನೆಯ ಸಹಿ ಎಳೆದರು. ಬಿಡುಗಡೆ ಚೀಟಿ ಅವರ ಚರ್ಮದ ಬ್ಯಾಗಿಗೆ ಹೋಯಿತು. ಹೊಸ ಮಾತ್ರೆಗಳ ಪೊಟ್ಟಣ ಮಾತ್ರ ಇವಳ ಕೈಗೆ ಬಂತು: "ದಿನಕ್ಕೊಂದು."

ಅವಳು ಎರಡು ಸಲ ಫೋನ್ ಮಾಡಿದ್ದಳು. "ಭಾವ, ಆ ಚೀಟಿ ಒಮ್ಮೆ ನೋಡಬೇಕಿತ್ತು."

"ಓದಿದ್ರೆ ಅರ್ಥ ಆಗುತ್ತಾ ನಿಂಗೆ? ಹೇಳಿದಷ್ಟು ಮಾಡು."

ಹೇಳಿದಷ್ಟು ಮಾಡಿದಳು. ಹಳೆಯ ಮಾತ್ರೆಯ ಜೊತೆಗೆ ಹೊಸದನ್ನೂ ಕೊಟ್ಟಳು. ಒಂಬತ್ತನೆಯ ದಿನ ಅತ್ತೆ ಬಚ್ಚಲ ಬಾಗಿಲಲ್ಲಿ ತಲೆಸುತ್ತಿ ಬಿದ್ದರು.

ಇಂದು ಆಸ್ಪತ್ರೆಯಲ್ಲಿ, ಬಿಡುಗಡೆಯಾಗಿ ಮನೆಗೆ ಹೋದ ವಯಸ್ಸಾದವರ ಮೇಲೆ ನಿಗಾ ಇಡುವ ನರ್ಸ್ ಎದುರಿಗಿದ್ದಳು. ಸೊಸೆ ಬಟ್ಟೆ ಚೀಲವನ್ನು ಮೇಜಿನ ಮೇಲೆ ಸುರಿದಳು. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತನ್ನಿ ಎಂದಿದ್ದರು, ತಂದಿದ್ದಳು. ನರ್ಸ್ ಎರಡು ಮಾತ್ರೆ ಪಟ್ಟಿಗಳನ್ನು ಕೈಗೆತ್ತಿಕೊಂಡು ನಿಂತಳು.

"ಇವೆರಡೂ ಬಿ.ಪಿ. ಮಾತ್ರೆ. ಎರಡನ್ನೂ ಕೊಡ್ತಾ ಇದ್ರಾ?"

"ಹೂಂ ಮೇಡಂ..." ಎಂದಳು ಸೊಸೆ. "ನಾನೇ ಕೊಟ್ಟೆ."

"ನೋಡಿದ್ರಾ? ಅದಕ್ಕೇ ಆಶ್ರಮ ಅಂದಿದ್ದು," ಎಂದರು ಪ್ರಿನ್ಸಿಪಾಲರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಅವರದು ಪಳಗಿದ ಕೈ.

"ಆದರೆ ಹಳೇದನ್ನ ನಿಲ್ಲಿಸಿ ಅಂತ ಚೀಟೀಲೇ ಬರೆದಿತ್ತಲ್ಲ. ಚೀಟಿ ಎಲ್ಲಿ?"

ಚರ್ಮದ ಬ್ಯಾಗು ತೆರೆಯಿತು. ಚೀಟಿ ಒಂದು ಮಡಿಕೆಯೂ ಬೀಳದೆ ಗರಿಗರಿಯಾಗಿ ಹೊರಬಂತು. ನರ್ಸ್ ಅದನ್ನು ನೋಡಿದಳು, ಅವರನ್ನು ನೋಡಿದಳು, ಆಮೇಲೆ ತನ್ನ ಪುಸ್ತಕ ತಿರುವಿದಳು.

"ಮೂರನೇ ದಿನ ಈ ನಂಬರಿಗೆ ನಾನೇ ಫೋನ್ ಮಾಡಿದ್ದೆ. ಹಳೇ ಮಾತ್ರೆ ನಿಲ್ಲಿಸಿದ್ರಾ ಅಂತ ಕೇಳಿದೆ, ಅವತ್ತೇ ನಿಲ್ಲಿಸಿದ್ವಿ ಅಂದ್ರಿ. ಐದನೇ ದಿನ ತೋರಿಸೋಕೆ ಬನ್ನಿ ಅಂದೆ, ಅಗತ್ಯ ಇಲ್ಲ ಅಂದ್ರಿ. ನಡೀತಾರಾ ಅಂದಿದ್ದಕ್ಕೆ..." ಅವಳು ಗೆರೆಯ ಮೇಲೆ ಬೆರಳಿಟ್ಟಳು. "'ದಿನಾ ಬೆಳಿಗ್ಗೆ ನನ್ನ ಜೊತೆ ಅರ್ಧ ಗಂಟೆ ವಾಕಿಂಗ್ ಬರ್ತಾರೆ.'"

ಆ ಒಂಬತ್ತು ದಿನದಲ್ಲಿ ಪ್ರಿನ್ಸಿಪಾಲರು ತಾಯಿಯ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಅವರೀಗ ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಅಜ್ಜಿ, ವಾಕಿಂಗ್ ಹೋಗ್ತಿದ್ರಾ?"

ಅತ್ತೆ ಮಗನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. "ಹೂಂ," ಎಂದರು. "ಹೋಗ್ತಿದ್ವಿ."

ಸೊಸೆ ಕಣ್ಣು ಮುಚ್ಚಿದಳು. ಇಷ್ಟೇ ತನ್ನ ಯೋಗ್ಯತೆ, ಆರು ವರ್ಷ ಕಾಲು ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಂಡಳು. ಎದ್ದು ಹೋಗಲು ಮನಸ್ಸಾಯಿತು. ಆದರೆ ಅತ್ತೆಯ ಪ್ಲಾಸ್ಟರ್ ಕೈಗೆ ಆಸರೆಯಾಗಿ ತನ್ನ ಕೈ ಇತ್ತು, ಹೋಗಲಿಲ್ಲ.

ನರ್ಸ್ ಪುಸ್ತಕದಲ್ಲಿ ಹೊಸ ಹಾಳೆ ತೆರೆದಳು. "ಸರಿ. ಇನ್ನು ವಾರಕ್ಕೆರಡು ಸಲ ಫೋನ್ ಮಾಡ್ತೀನಿ. ಯಾವ ನಂಬರ್?"

ಪ್ರಿನ್ಸಿಪಾಲರ ಪೆನ್ನು ಅಭ್ಯಾಸಬಲದಿಂದ ಹೊರಬಂತು. ಅತ್ತೆ ಬಲಗೈ ಚಾಚಿ ಹಾಳೆಯ ಮೇಲೆ ಅಂಗೈ ಊರಿದರು.

"ನೀನು ಬಿಡು. ಬರ್ಕೋ ತಾಯಿ." ಮಗ್ಗಿ ಒಪ್ಪಿಸುವಂತೆ ಹತ್ತು ಅಂಕಿಗಳನ್ನೂ ಎಲ್ಲೂ ತಡವರಿಸದೆ ಹೇಳಿದರು.

ಅದು ಸೊಸೆಯ ನಂಬರು.

"ಅತ್ತೆ... ನಿಮಗೆ ನನ್ನ ನಂಬರು..."

"ಆರು ವರ್ಷದಿಂದ ಕಿಟಕಿ ಎದುರಿಗೆ ನೇತಾಡ್ತಿದೆ. ಬಾಯಿಪಾಠ ಆಗದೆ ಇನ್ನೇನು?"

ಹೊರಗೆ ಬಂದ ಮೇಲೆ ಪ್ರಿನ್ಸಿಪಾಲರು ಕಾರಿನ ಬಾಗಿಲು ತೆರೆದು ಕೆಮ್ಮಿದರು. "ಅಮ್ಮ, ಆಶ್ರಮದವರು ಕಾಯ್ತಿರ್ತಾರೆ."

"ನೀನೇ ಹೋಗಪ್ಪ ಪ್ರಿನ್ಸಿಪಾಲ. ಒಳ್ಳೆ ತೋಟ ಇದೆ ಅಂದ್ಯಲ್ಲ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡು."

ಆಟೋದಲ್ಲಿ ಸೊಸೆ, ನರ್ಸ್ ತನ್ನ ಕೈಗಿತ್ತ ಚೀಟಿಯನ್ನು ಎರಡು ಸಲ ಓದಿದಳು. ಪ್ರತಿ ಪದವೂ ಅರ್ಥವಾಯಿತು. ಕಣ್ಣೀರು ಬಿದ್ದು ಒಂದು ಗೆರೆ ಕಲಸಿಹೋಯಿತು, ಸೆರಗಿನಿಂದ ಒತ್ತಿಕೊಂಡಳು.

"ಅತ್ತಿದ್ದು ಸಾಕು ಕತ್ತರಿ. ಆ ಬೋರ್ಡಿನ ಕೊನೇ ಅಂಕಿ ಮಾಸಿದೆ," ಎಂದರು ಅತ್ತೆ, ಹೊರಗೆ ನೋಡುತ್ತಾ. "ನಾಳೆ ಬಣ್ಣ ಹಚ್ಚಿಸು."