ತೂತಿಲ್ಲದ ಎರಡು ಹಳಿಗಳು

ಗುಂಡು ಹಾರಿತು ಅಂದುಕೊಂಡೆ.

ಅಲ್ಲ. ಲೈಲ್‌ನ ಹಿಮಗಾಡಿ, ಸ್ನೋಮೊಬೈಲ್, ಕೆಮ್ಮಿದ್ದು. ನನ್ನ ಹಿಂದೆ ನೂರು ಗಜ ದೂರದಲ್ಲಿ... ಇಲ್ಲ, ಈಗ ಎಂಬತ್ತು.

ನನ್ನ ಬೆನ್ನಿಗೆ ಸ್ನೋಮೊಬೈಲಿನ ಎರಡು ಹಳಿ ಕಟ್ಟಿಕೊಂಡಿದ್ದೆ. ಹೊಚ್ಚ ಹೊಸ ಅಲ್ಯೂಮಿನಿಯಂ, ಹತ್ತಿರ ಹತ್ತಿರ ನನ್ನಷ್ಟೇ ಉದ್ದ. ಗಾಡಿ ಕುಲುಕಿದಾಗೆಲ್ಲ ಹೆಲ್ಮೆಟ್ಟಿಗೆ ಟಣ್ ಅಂತ ಬಡಿಯುತ್ತಿದ್ದವು, ಭಾನುವಾರದ ಚರ್ಚಿನ ಗಂಟೆಯ ಹಾಗೆ.

ಎದುರಿಗೆ ಬಟ್ಟಲಿನಂಥ ದೊಡ್ಡ ಇಳಿಜಾರು. ಹೋದ ವಾರ ಇಲ್ಲೇ ಹಿಮ ಕುಸಿದು ಪೈನ್ ಮರಗಳನ್ನು ಬೆಂಕಿಕಡ್ಡಿಯಂತೆ ಮುರಿದಿತ್ತು.

"ಲೇ ಹೋಯ್ಟ್, ನಿಲ್ಲೋ! ಆ ಹಳಿ ಇಳಿಸಿ ಹೋಗು!"

ನಿಲ್ಲಲಿಲ್ಲ.

ಆದರೆ ಇಲ್ಲಿಂದ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಒಂದು ದಿನ ಹಿಂದಕ್ಕೆ ಬನ್ನಿ.

ನನ್ನ ಕಸುಬು ಗಾಡಿಯ ಬಿಡಿಭಾಗ ಹುಡುಕುವುದು. ಅಮೆರಿಕದ ಐಡಹೋದ ಈ ಕಣಿವೆಯಲ್ಲಿ ಯಾರ ಗಾಡಿಯಲ್ಲಿ ಏನು ಮುರಿದರೂ, ಕಂಪನಿಯವರು 'ಸ್ಟಾಕ್ ಇಲ್ಲ' ಅಂದ ಮೇಲೆ ನನಗೆ ಫೋನು ಬರುತ್ತದೆ.

ಗುರುವಾರ ಬೆಳಿಗ್ಗೆ ಬಂದದ್ದು ಆರ್ಡಿಸಕ್ಕನ ಫೋನು. ವಯಸ್ಸು ಅರವತ್ತೆರಡು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆ. ಬೆಟ್ಟದ ಮೇಲೆ ಮಾತ್ರ ಮೈಮೇಲೆ ದೇವರು ಬಂದವಳ ಹಾಗೆ ಗಾಡಿ ಓಡಿಸುತ್ತಾಳೆ.

"ಹಿಮದಡಿ ಮರದ ಬೊಡ್ಡೆ ಇತ್ತು ಕಣೋ. ಎರಡೂ ಹಳಿ ಮುರಿದ್ವು."

ಹಳಿ ಅಂದರೆ ಗಾಡಿಯ ಬೆನ್ನುಮೂಳೆ. ಹಿಮ ತುಳಿಯುವ ರಬ್ಬರ್ ಪಟ್ಟಾ ಅವುಗಳ ಸುತ್ತ ತಿರುಗುತ್ತದೆ. ಅವು ಹೋದರೆ ಗಾಡಿ ಬರೀ ದುಬಾರಿ ಬೆಂಚು.

"ಕಂಪನಿ ಏನಂತೆ?"

"ಆರು ವಾರವಂತೆ. ನನಗಿರೋದು ಎರಡು ದಿನ."

ಎರಡು ದಿನ ಯಾಕೆ ಅಂತ ಇಡೀ ಕಣಿವೆಗೆ ಗೊತ್ತು. ಬೆಟ್ಟದ ನೆತ್ತಿಯಲ್ಲಿ ಅವಳ ಅಪ್ಪ ಕಟ್ಟಿದ ಮರದ ಗುಡಿಸಲಿದೆ. ಮಕ್ಕಳಿಬ್ಬರು, ಆರ್ಡಿಸ್ ಮತ್ತು ತಮ್ಮ ಲೈಲ್. ಅಪ್ಪ ಸಾಯುವಾಗ ಮಾಡಿಟ್ಟ ನೇಮ ಒಂದೇ. ಮಾರ್ಚ್ ಮೊದಲ ಶನಿವಾರ ಇಬ್ಬರೂ ಸ್ವಂತ ಗಾಡಿಯಲ್ಲಿ ಬೆಟ್ಟ ಹತ್ತಬೇಕು. ಯಾರ ಗಾಡಿ ಮೊದಲು ಬಾಗಿಲು ಮುಟ್ಟುತ್ತದೋ, ಆ ವರ್ಷ ಗುಡಿಸಲಿನಲ್ಲಿ ಅವರ ಮಾತು ನಡೆಯಬೇಕು.

ಆರ್ಡಿಸ್ ಗೆದ್ದ ವರ್ಷ ಬಾಗಿಲಿಗೆ ಬೀಗವಿಲ್ಲ. ದಾರಿ ತಪ್ಪಿದವರು, ಗಾಡಿ ಕೆಟ್ಟವರು, ಯಾರು ಬೇಕಾದರೂ ಒಳಗೆ ಹೋಗಿ ಒಲೆ ಹಚ್ಚಬಹುದು. ಹಾಗೆ ಬದುಕಿದವರನ್ನು ನಾನೇ ಬಲ್ಲೆ. ಲೈಲ್ ಈ ಸಲ ಅದನ್ನು ಹೆಲಿಕಾಪ್ಟರಿನಲ್ಲಿ ಬರುವ ಟೂರಿಸ್ಟರಿಗೆ ಕೊಡುವ ಮಾತು ಮುಗಿಸಿದ್ದ. ಬೀಗವನ್ನೂ ಕೊಂಡಿಟ್ಟಿದ್ದ.

"ಆಗಲಿ ಅಕ್ಕಾ, ವೆಂಡೆಲಜ್ಜನ ಹತ್ರ ಹೋಗ್ತೀನಿ," ಅಂದೆ.

ವೆಂಡೆಲಜ್ಜ ಪಕ್ಕದ ಕಣಿವೆಯವನು. ತನ್ನ ಕೊಟ್ಟಿಗೆಯಲ್ಲಿ ಹಳಿ ಮಾಡುತ್ತಾನೆ. ಕಂಪನಿಯದಕ್ಕಿಂತ ದಪ್ಪ, ಬಾಗುವಲ್ಲಿ ಇನ್ನೊಂದು ಪದರ. ಹೈವೇ ಹಿಮ ಬಿದ್ದು ಮುಚ್ಚಿತ್ತು. ಶುಕ್ರವಾರ ಬೆಳಿಗ್ಗೆ ಮುರಿದ ಹಳಿಗಳನ್ನು ಕಟ್ಟಿಕೊಂಡು ನನ್ನ ಗಾಡಿಯಲ್ಲೇ ಘಾಟಿ ದಾಟಿದೆ. ಮುರಿದದ್ದನ್ನು ತೋರಿಸದೆ ಅಜ್ಜ ಹೊಸದನ್ನು ಮಾರುವುದಿಲ್ಲ. ವೈದ್ಯರು ನಾಡಿ ನೋಡುವ ಹಾಗೆ ಅವನು ಹಳಿ ನೋಡುತ್ತಾನೆ.

ನೋಡಿದ. ಕನ್ನಡಕ ಏರಿಸಿಕೊಂಡ. ಮತ್ತೆ ನೋಡಿದ.

"ಈ ತೂತು ಯಾರು ಕೊರೆದಿದ್ದು?"

"ಆರ್ಡಿಸಕ್ಕ. ತೂಕ ಇಳಿಸೋಕೆ..."

"ಎಷ್ಟು ಇಳೀತು?"

"ಮುನ್ನೂರು ಗ್ರಾಂ ಅಂತೆ."

"ಬೆಳಿಗ್ಗೆ ಅವಳು ತಿನ್ನೋ ಸೇಬಿನ ಪೈ ಎಷ್ಟು ತೂಗುತ್ತೆ?"

ನಮ್ಮ ಕಡೆಯ ಹುಚ್ಚೇ ಅದು. ಗಾಡಿ ಹಗುರ ಮಾಡಲು ಎಲುಬನ್ನೇ ಕೊರೆಯುತ್ತೇವೆ, ಆಮೇಲೆ ಎರಡು ತುಂಡು ಪೈ ತಿಂದು ಅದರ ಮೇಲೆ ಕೂರುತ್ತೇವೆ.

"ತೂತು ಕೊರೆಯೋರಿಗೆ ನಾನು ಮಾರಲ್ಲ," ಅಂದ ಅಜ್ಜ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಲೈಲ್. ನೂರಿಪ್ಪತ್ತು ಕಿಲೋ, ಗಡ್ಡದ ತುಂಬ ಹಿಮ.

"ಅಜ್ಜಾ, ಆ ಅಳತೆಯ ಹಳಿ ಒಂದೇ ಜೊತೆ ಇದೆಯಂತಲ್ಲ. ಎರಡರಷ್ಟು ಕೊಡ್ತೀನಿ."

"ಮುರಿದದ್ದು ತಂದಿದ್ದೀಯಾ?"

"ನನ್ನದು ಮುರಿದಿಲ್ಲ."

"ಜ್ವರ ಇಲ್ಲದೋನಿಗೆ ಔಷಧಿ ಯಾಕಪ್ಪಾ? ಬಾಗಿಲು ಹಾಕ್ಕೊಂಡು ಹೋಗು, ಚಳಿ."

ಅಜ್ಜ ನನ್ನ ಕಡೆ ತಿರುಗಿ ಕಪಾಟಿನಿಂದ ಬೈಬಲ್ ತೆಗೆದ. ಒಂದು ತೂತೂ ಬೀಳುವುದಿಲ್ಲ ಅಂತ ಆರ್ಡಿಸಕ್ಕನ ಪರವಾಗಿ ಕೈಯಿಟ್ಟು ಆಣೆ ಮಾಡಿದೆ. ದುಡ್ಡು ಕೊಟ್ಟೆ. ಹಳಿ ಬೆನ್ನಿಗೇರಿತು. ಹೊರಗೆ ಲೈಲ್ ಎಂಜಿನ್ ಚಾಲೂ ಮಾಡಿಕೊಂಡು ಕಾಯುತ್ತಿದ್ದ.

ಹಾಗೆ ಆ ಬಟ್ಟಲಿನ ಅಂಚಿಗೆ ಬಂದೆವು.

ಇಳಿಜಾರಿಗೆ ನುಗ್ಗಿದೆ. ಹಿಂದಿನ ಸದ್ದು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಲೈಲ್ ಅಂಚಿನಲ್ಲೇ ಗಾಡಿ ನಿಲ್ಲಿಸಿ, ಕೈ ಕಟ್ಟಿ, ನನ್ನನ್ನೇ ನೋಡುತ್ತಿದ್ದ. ಅಂಥ ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಒಬ್ಬರು ದಾಟುವ ತನಕ ಇನ್ನೊಬ್ಬರು ಕಣ್ಣು ಕೀಳದೆ ನೋಡಬೇಕು. ಹಿಮ ಎಳೆದುಕೊಂಡರೆ ಎಲ್ಲಿ ಅಗೆಯಬೇಕು ಅಂತ ಗೊತ್ತಿರಬೇಕಲ್ಲ. ಶತ್ರುವಾದರೂ ಅಷ್ಟೇ.

ದಾಟಿದೆ. ಈಗ ಓಡಬಹುದಿತ್ತು.

ಆದರೆ ಈಗ ದಾಟುವ ಸರದಿ ಅವನದು. ನೋಡುವವನು ನಾನೊಬ್ಬನೇ.

ನನ್ನನ್ನು ಹಿಡಿಯಲು ಬರುವವನನ್ನು ಕಾಯುತ್ತಾ ನಿಂತೆ, ನೋಡಿ. ಪ್ರಾರ್ಥನೆಯನ್ನೂ ಮಾಡಿದೆ, ಇಬ್ಬರಿಗೂ ಸೇರಿಸಿ. ನಗುವೂ ಬರುತ್ತಿತ್ತು. ಅವನು ಮುಕ್ಕಾಲು ದಾಟಿ ಗಟ್ಟಿ ಬಂಡೆಯ ಬದಿಗೆ ಬಂದ. ಇನ್ನು ಅಪಾಯವಿಲ್ಲ ಅಂತ ಕೈ ಎತ್ತಿ ತೋರಿಸಿದ.

"ಥ್ಯಾಂಕ್ಸ್ ಕಣೋ!"

"ಇರಲಿ ಲೈಲಣ್ಣ!"

ಮತ್ತೆ ಪ್ರಾಣ ಹೋಗುವ ಹಾಗೆ ಓಡಿದೆ. ಪೈನ್ ಮರಗಳ ಸಂದಿಯಲ್ಲಿ ನಾನು ತೂರಿದೆ, ಅವನ ದೊಡ್ಡ ಮೈ ತೂರಲಿಲ್ಲ.

ಗ್ಯಾರೇಜಿನಲ್ಲಿ ಆರ್ಡಿಸಕ್ಕ ಕೈಯಲ್ಲಿ ಡ್ರಿಲ್ ಹಿಡಿದೇ ನಿಂತಿದ್ದಳು.

"ಹತ್ತೇ ಹತ್ತು ತೂತು, ಹೋಯ್ಟ್. ಚಿಕ್ಕವು."

"ನಿನ್ನ ಪರವಾಗಿ ಬೈಬಲ್ ಮುಟ್ಟಿ ಬಂದಿದ್ದೀನಿ ಅಕ್ಕಾ."

ಅವಳು ನನ್ನನ್ನು ನೋಡಿದಳು, ಹಳಿಯನ್ನು ನೋಡಿದಳು. ಡ್ರಿಲ್ ಕೆಳಗಿಟ್ಟಳು.

"ಒಳ್ಳೆ ಕೆಲಸ ಮಾಡಿದೆ, ಪಾಪಿ. ಸ್ಪ್ಯಾನರ್ ಕೊಡು."

ಶನಿವಾರ ಬೆಳಿಗ್ಗೆ ಸಾಕ್ಷಿಯಾಗಿ ನಾನು ಗುಡಿಸಲಿನ ಜಗಲಿಯಲ್ಲಿ ದುರ್ಬೀನು ಹಿಡಿದು ಕೂತೆ. ಬಿಸಿಲು ಬಿದ್ದ ಹಿಮ ಕಣ್ಣು ಕುಕ್ಕುತ್ತಿತ್ತು. ಕೆಳಗೆ ಎರಡು ಚುಕ್ಕೆ. ಲೈಲ್ ಮುಂದೆ.

ಕೊನೆಯ ಏರಿನಲ್ಲಿ ಅವನ ಗಾಡಿ ಹೊಗೆ ಉಗುಳಿ ನಿಂತಿತು. ಎಂಜಿನ್ ಸುಟ್ಟುಹೋಗಿತ್ತು. ಭಾರಕ್ಕೆ ಗಾಡಿ ಹಿಮದೊಳಗೆ ಹ್ಯಾಂಡಲ್ ತನಕ ಇಳಿಯಿತು, ಅವನು ಎದೆ ತನಕ.

ಆರ್ಡಿಸ್ ಪಕ್ಕದಿಂದ ಹಾದು ಬಂದುಬಿಡಬಹುದಿತ್ತು. ಬರಲಿಲ್ಲ. ಇಳಿದಳು. ಸಲಿಕೆ ತೆಗೆದಳು. ಕಾಲು ಗಂಟೆ ಹಿಮ ಅಗೆದು ತಮ್ಮನನ್ನು ಹೊರಗೆ ತೆಗೆದಳು. ಆಮೇಲೆ ಅವನನ್ನು ತನ್ನ ಬೆನ್ನ ಹಿಂದೆ ಹತ್ತಿಸಿಕೊಂಡಳು.

ಒಬ್ಬರಿಗಾಗಿ ಮಾಡಿದ ಗಾಡಿ. ಮೇಲೆ ನೂರಿಪ್ಪತ್ತು ಕಿಲೋ ಲೈಲ್. ಮೊದಲ ದಿಬ್ಬಕ್ಕೆ ಧಡ್ ಅಂತು... ಎರಡನೆಯದಕ್ಕೆ ಧಡ್... ಹಳಿಗಳು ಮುರಿಯದೆ ತಡೆದುಕೊಂಡವು. ವೆಂಡೆಲಜ್ಜನ ಕೈಗೆ ದೇವರು ಆಯಸ್ಸು ಕೊಡಲಿ.

ಅಕ್ಕ ಜಗಲಿಯ ಮುಂದೆ ನಿಲ್ಲಿಸಲಿಲ್ಲ. ನಾನು ಪಕ್ಕಕ್ಕೆ ಹಾರಿದೆ. ಗಾಡಿಯ ಮುಂದಿನ ಸ್ಕೀ ಪಟ್ಟಿಯ ಮೂತಿ ಬಾಗಿಲಿಗೆ ಮೆಲ್ಲಗೆ ತಾಗಿತು.

"ನಾವಿಬ್ಬರೂ ಒಟ್ಟಿಗೇ ಬಂದ್ವಿ," ಅಂದ ಲೈಲ್.

"ಮುಟ್ಟಿದ್ದು ಗಾಡಿ. ಗಾಡಿ ನಂದು."

"ನಾನೂ ಮೇಲಿದ್ನಲ್ಲ!"

"ನನ್ನ ಟೋಪಿನೂ ಇತ್ತು. ಅದು ವಾದ ಮಾಡ್ತಿದೆಯಾ?"

ಲೈಲ್ ನನ್ನ ಕಡೆ ತಿರುಗಿದ. "ಸಾಕ್ಷಿ ನೀನು. ಸತ್ಯ ಹೇಳು."

"ಸತ್ಯ ಹೇಳಿದರೆ, ಲೈಲಣ್ಣ, ನೀನು ಅಕ್ಕನಿಗಿಂತ ಎರಡು ಅಡಿ ಹಿಂದೆ ಬಂದೆ."