ಗಾಜಿನಿಂದ ಜಾರಿದ ಬಸವನಹುಳುಗಳು

"ನನ್ನ ತೊಟ್ಟಿಗೆ ಏನ್ ಮಾಡ್ದೆ ನೀನು? ನಿಜ ಹೇಳು!"

ಇಲ್ಕಾಳ ಕೂಗಿಗೆ ಪ್ರಯೋಗಾಲಯದ ಕಾರಿಡಾರೇ ಬೆಚ್ಚಿತು. ಬಾಗಿಲಲ್ಲಿ ನಿಂತಿದ್ದವನು ಕೊಲೋಶ್. ಹಂಗೇರಿಯ ಬಾಲಾಟನ್ ಸರೋವರದ ಜೊಂಡಿನ ನಡುವೆ ದೋಣಿ ನುಗ್ಗಿಸಿ ಅವಳಿಗೆ ಬಸವನಹುಳು ಹಿಡಿದು ತರುವವನು... ಕಳೆದ ವಸಂತದಲ್ಲಿ ಸದ್ದಿಲ್ಲದೆ ಅವಳ ಮನಸ್ಸನ್ನೂ ಕದ್ದವನು!

ಗಾಜಿಗೆ ಅಂಟಿಕೊಂಡಿರಬೇಕಾದ ನಲವತ್ತು ಹುಳುಗಳೂ ತಳದಲ್ಲಿ ಅಂಗಾತ ಬಿದ್ದಿದ್ದವು. ಸತ್ತಿರಲಿಲ್ಲ. ಪಾದ ಅದುರುತ್ತಿತ್ತು, ಹಿಡಿತ ಮಾತ್ರ ಇರಲಿಲ್ಲ. ಮೆದುಳಿನ ಸೆರೊಟೋನಿನ್ ಹದವಾಗಿದ್ದರೆ ಆ ಪಾದ ತೆವಳುತ್ತದೆ. ಹದ ತಪ್ಪಿದರೆ ಹೀಗೆ. ಆದರೆ ಇದು ಹೋಲಿಕೆಗೆಂದು ಇಟ್ಟ, ಏನೂ ಬೆರೆಸದ ಬರೀ ನೀರಿನ ತೊಟ್ಟಿ!

"ಬೆಳಗ್ಗೆ ನನ್ನ ಬಿಟ್ರೆ ಇಲ್ಲಿಗೆ ಬಂದೋನು ನೀನೊಬ್ನೇ. ಪ್ರಯೋಗದ ಔಷಧಿ ನೀರು ಇದಕ್ಕೆ ಸುರಿದ್ಯಾ?"

ಕೊಲೋಶನ ಕಣ್ಣು ಮೂಲೆಯ ಬಕೆಟ್ಟಿನ ಕಡೆ ಹೊರಳಿತು. ಮುಖ ಬಿಳಿಚಿಕೊಂಡಿತು.

"ತಪ್ಪು ನಂದೇ ಇಲ್ಕಾ..."

"ಒಂದು ವರ್ಷದ ಕೆಲ್ಸ ಕಣೋ! ನಿನ್ನಂಥ ಬೇಜವಾಬ್ದಾರಿಯವನನ್ನ ನಂಬಿದೆನಲ್ಲ... ಹೋಗು, ಇನ್ನು ಮುಖ ತೋರಿಸ್ಬೇಡ!"

ಅವನು ಹೊರಟುಹೋದ. ಕೋಪ ಮೂಗಿನ ತುದಿಯಲ್ಲೇ ಕೂತಿದ್ದರೆ ಆಗುವುದೇ ಇದು ನೋಡಿ. ಏನಾಯಿತೆಂದು ಕೇಳುವ ತಾಳ್ಮೆಯೂ ಆ ಹುಡುಗಿಗೆ ಇರಲಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇಲ್ಕಾ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದಳು, ಆದರೆ ಕಿವಿಯೆಲ್ಲ ದೋಣಿಯ ಸದ್ದಿನ ಮೇಲೆ. 'ಒಂದೇ ಒಂದು ಸಲ ಬಂದು ಮಾತಾಡ್ಲಿ... ಸಾಕು...'

ಐದನೆಯ ದಿನ ಮೂಲೆಯ ಬಕೆಟ್ ತೊಳೆಯಲು ಬಗ್ಗಿದಳು. ನಲ್ಲಿನೀರಿನ ಕ್ಲೋರಿನ್ ಹೋಗಲೆಂದು ಎರಡು ದಿನ ಇಟ್ಟು, ಆಮೇಲೆ ತೊಟ್ಟಿಗೆ ಸುರಿಯುವ ನೀರು ಅದು. ಅವತ್ತು ಅದನ್ನು ಸುರಿದವಳು ಅವಳೇ. ತಳದಲ್ಲಿ ಏನೋ ಅಂಟಿಕೊಂಡಿತ್ತು. ಅರ್ಧ ಕರಗಿದ ಮಾತ್ರೆಗಳು!

ಒಂದರ ಮೇಲಿನ ಅಂಕಿ ಇನ್ನೂ ಅಳಿಸಿರಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿದಳು.

ಖಿನ್ನತೆಯ ಮಾತ್ರೆ. ಮೆದುಳಿನಲ್ಲಿ ಸೆರೊಟೋನಿನ್ ಬೇಗ ಖಾಲಿಯಾಗದಂತೆ ತಡೆಯುವ ಮಾತ್ರೆ.

'ಕೊಲೋಶ್... ನೀನಾ? ಯಾವತ್ತೂ ಹೇಳ್ಲೇ ಇಲ್ವಲ್ಲೋ! ಇದನ್ನೆಲ್ಲ ಎಸೆದಿದ್ದೀಯ ಅಂದ್ರೆ... ಐದು ದಿನದಿಂದ ನುಂಗೇ ಇಲ್ವಾ?'

ಅಯ್ಯೋ ದೇವರೇ! ಕೋಟು ಕೂಡ ಹಾಕಿಕೊಳ್ಳದೆ ಓಡಿದಳು.

ಬಾಗಿಲು ತೆರೆದ ಅವನ ತಾಯಿ ಪಿರೋಷ್ಕಾಳ ಕಣ್ಣು ಊದಿಕೊಂಡಿತ್ತು.

"ಹಾಸಿಗೆ ಬಿಟ್ಟು ಎದ್ದಿಲ್ಲ ಕಣಮ್ಮ. ಮೀನಿನ ಸಾರು ಮಾಡಿದ್ದು ಮಾಡಿದ ಹಾಗೇ ಇದೆ. ಎರಡು ವರ್ಷದ ಹಿಂದೆ ಚಳಿಗಾಲದಲ್ಲೂ ಹಿಂಗೇ ಆಗಿತ್ತು. ಅವರಪ್ಪ ಸೋಂಬೇರಿ ಅಂತ ಬೈದಿದ್ದೇ ಬೈದಿದ್ದು... ಮಾತ್ರೆ ಶುರು ಮಾಡಿದ್ಮೇಲೇ ನನ್ನ ಮಗ ನನಗೆ ಸಿಕ್ಕಿದ್ದು."

ಕೋಣೆಯಲ್ಲಿ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

"ಹೋಗು ಇಲ್ಕಾ. ನನ್ನನ್ನ ಹೀಗೆ ನೋಡ್ಬೇಡ."

"ಯಾಕೆ ಎಸೆದೆ?"

ಅವನು ಗೋಡೆಯನ್ನೇ ನೋಡುತ್ತಾ ಹೇಳಿದ. "ಮದುವೆ ಆಗ್ತೀಯಾ ಅಂತ ನಿನ್ನ ಕೇಳೋಣ ಅಂತಿದ್ದೆ... ಮಾತ್ರೆ ನುಂಗಿ ಬದುಕೋನು ಯಾವ ಮುಖ ಇಟ್ಕೊಂಡು ಕೇಳ್ಲಿ? ಅದಿಲ್ದೇನೂ ನಾನು ಗಟ್ಟಿ ಅಂತ ನನಗೇ ಗೊತ್ತಾಗ್ಬೇಕಿತ್ತು. ಚೆಲ್ಲೋ ನೀರು ಅಂದ್ಕೊಂಡು ಹಾಕ್ಬಿಟ್ಟೆ. ನಿನ್ನ ಒಂದು ವರ್ಷಾನೂ ಹಾಳು ಮಾಡ್ದೆ..."

ಇಲ್ಕಾಳಿಗೆ ದುಃಖ ಒತ್ತರಿಸಿ ಬಂತು. ಹಾಸಿಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತಳು.

"ಹುಚ್ಚಪ್ಪ! ಗಾಜಿಂದ ಬಿದ್ದ ಹುಳುನ ನಾನು ಯಾವತ್ತಾದ್ರೂ ಹೇಡಿ ಅಂದಿದ್ದೀನಾ? ಸೋಂಬೇರಿ ಅಂದಿದ್ದೀನಾ? ನೀರಲ್ಲಿ ಏನಾಗಿದೆ ಅಂತ ಮೊದ್ಲು ನೋಡ್ತೀನಿ. ಅಂಥವಳು ನಿನ್ನ ಮಾತ್ರ ಏನೂ ನೋಡ್ದೇ ಬೈದ್ಬಿಟ್ಟೆ... ನನ್ನ ಕ್ಷಮಿಸ್ತೀಯಾ?"

"ನಿನ್ನ ಕೆಲ್ಸ..."

"ಹಾಳಾಗ್ಲಿ ಬಿಡು! ಸರೋವರದ ತುಂಬಾ ಹುಳು ಇವೆ. ನೀನೊಬ್ನೇ ಇರೋದು ನಂಗೆ. ಏಳು, ಡಾಕ್ಟರ ಹತ್ರ ಹೋಗೋಣ."

ಅವನು ಮೊಣಕೈ ಊರಿ ಏಳಲು ನೋಡಿದ. ಆಗಲಿಲ್ಲ. ಕಣ್ಣಂಚಲ್ಲಿ ನೀರು ಇಳಿಯಿತು.

"ಆಗ್ತಿಲ್ಲ ಇಲ್ಕಾ... ಕಾಲೇ ಏಳ್ತಿಲ್ಲ..."

"ಸರಿ, ಏಳ್ಬೇಡ." ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಮಧ್ಯಾಹ್ನದೊಳಗೆ ಬರುತ್ತೇನೆ ಎಂದರು. "ಅವರೇ ಇಲ್ಲಿಗೆ ಬರ್ತಾರೆ. ಅಲ್ಲೀವರೆಗೂ ನಾನು ಇಲ್ಲಿಂದ ಕದಲಲ್ಲ."

ಅವನ ತಣ್ಣಗಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಐದು ದಿನದಲ್ಲಿ ಮೊದಲ ಸಲ ಕೊಲೋಶ್ ಗೋಡೆಯಿಂದ ಇತ್ತ ಹೊರಳಿದ.

"ಇಲ್ಕಾ... ಕೇಳ್ಬೇಕು ಅಂದಿದ್ನಲ್ಲ... ಎದ್ದು ನಿಂತ್ಮೇಲೆ ಕೇಳ್ತೀನಿ."

"ಬೇಡ. ಈಗ್ಲೇ ಕೇಳು."

"ಹಿಂಗೆ ಮಲಗ್ಕೊಂಡೇನಾ?"

"ಹೂಂ, ಮಲಗ್ಕೊಂಡೇ ಕೇಳೋ," ಎಂದಳು ಅವಳು, ಅಳುತ್ತಲೇ ನಗುತ್ತಾ. "ನಾನು ಮದುವೆ ಆಗೋದು ನಿನ್ನನ್ನ. ನಿಂತಿರೋ ನಿನ್ನನ್ನ ಮಾತ್ರ ಅಲ್ಲ."