ಆಯಿಯ ಮೇಲಿನ ಆಣೆ

ಆ ದಿನ ಬೆಳಿಗ್ಗೆ ಮಲ್ಕಾಜ್‌ಗಿರಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ರೈಲಿನ ಕೂಗು ಕೇಳುತ್ತಿತ್ತು, ರೈಲು ಕಾಣುತ್ತಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ಶೈಲಶ್ರೀ ಸ್ವೆಟರಿನ ತೋಳೊಳಗೆ ಬೆರಳು ಎಳೆದುಕೊಂಡು ನಿಂತಿದ್ದಳು. ಅಪ್ಪನ ರೈಲ್ವೆ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಮನೆಯವರು ಈ ತೆಲುಗಿನ ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಹಾಲು ತರಲು ಹೋದ ಅಣ್ಣ ಕಲ್ಲೇಶ ಇನ್ನೂ ಬಂದಿರಲಿಲ್ಲ.

"ಹಾಲು ತರಾಕ ಹೋಗ್ಯಾನೋ, ಎಮ್ಮಿ ಹುಡುಕಾಕ ಹೋಗ್ಯಾನೋ?" ಎಂದು ಒಳಗಿನಿಂದ ಅಜ್ಜಿ ಗುರುಬಾಯಿ ಕೇಳಿದಳು. ಮನೆಯಲ್ಲಿ ಅವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. "ಹೋಗಿ ನೋಡ್ಬಾ ನನ್ನವ್ವ. ಚಾದ ನೀರು ಕುದ್ದು ಕುದ್ದು ಇಂಗಾಕತ್ತೈತಿ."

ಹಾಲಿನ ಬೂತಿನಲ್ಲಿ ಕಲ್ಲೇಶ ಇರಲಿಲ್ಲ. ಬೂತಿನ ಹಿಂದೆ, ಯಾರೂ ವಾಸವಿಲ್ಲದ ಹಳೆಯ ಮನೆಯ ಗೋಡೆಗೆ ಒರಗಿ ಕೂತಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಹಾಲಿನ ಪ್ಯಾಕೆಟ್ ಪಕ್ಕದ ಮಣ್ಣಿನಲ್ಲಿ ಬಿದ್ದಿತ್ತು. ಅಣ್ಣನಿಗೆ ನೆಗಡಿಯಾಗಿದೆ ಎಂದುಕೊಂಡಳು ಶೈಲಶ್ರೀ. ಹತ್ತಿರ ಹೋದಾಗ ಆ ಕರವಸ್ತ್ರದಿಂದ ಪಂಕ್ಚರ್ ಅಂಗಡಿಯ ಮುಂದೆ ಬರುವಂಥ ಕಟು ವಾಸನೆ ಮೂಗಿಗೆ ಬಡಿಯಿತು.

ಕಲ್ಲೇಶ ತಲೆಯೆತ್ತಿದ. ತಂಗಿಯನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗುರುತಿಸಿದ ಮೇಲೆ ಹೆದರಿದ.

"ಮನ್ಯಾಗ ಹೇಳಬ್ಯಾಡ ಶೈಲಾ. ಆಯಿ ಮ್ಯಾಲೆ ಆಣಿ ಮಾಡು."

"ಆಯಿ ಮ್ಯಾಲೆ ಬ್ಯಾಡಣ್ಣಾ."

"ಮಾಡು ಅಂದೆ. ನೀ ಬಾಯಿ ಬಿಟ್ರ ಆಯಿ ಸಾಯ್ತಾಳ."

ಅವನು ಅಂಗೈ ಚಾಚಿದ. ಶೈಲಶ್ರೀ ಅದರ ಮೇಲೆ ತನ್ನ ಅಂಗೈ ಇಟ್ಟಳು. ಆಮೇಲೆ ಪ್ಯಾಕೆಟ್ಟಿನ ಮಣ್ಣನ್ನು ಲಂಗಕ್ಕೆ ಒರೆಸಿ, ಮನೆಗೆ ತಾನೇ ತಂದು ಕೊಟ್ಟಳು.

ಅಂದಿನಿಂದ ಅವಳು ಅಣ್ಣನ ಮೇಲೆ ಕಣ್ಣಿಟ್ಟಳು. ಒಂಬತ್ತನೇ ಕ್ಲಾಸಿನ ಅಣ್ಣ ಕಣ್ಣೆದುರೇ ಬದಲಾಗುತ್ತಿದ್ದ. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದ. ಕಣ್ಣು ಕೆಂಪಗಿರುತ್ತಿದ್ದವು. ಕರೆದರೆ ಒಮ್ಮೊಮ್ಮೆ ಕೇಳಿಸುತ್ತಲೇ ಇರಲಿಲ್ಲ. ಮನೆಗೆ ಬಂದವನೇ ದೇವರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದ. ಒಂದಲ್ಲ, ಹಿಡಿ ತುಂಬ. ಹೊಗೆಗೆ ಅವ್ವ ಕೆಮ್ಮುತ್ತಿದ್ದಳು.

ಆಯಿಗೆ ಮಾತ್ರ ಸಂತೋಷವೋ ಸಂತೋಷ. ಅವಳು ಪ್ರತಿ ಸೋಮವಾರ ಶಿವನಿಗೆಂದು ಉಪವಾಸ ಇರುವವಳು. ಮೊಮ್ಮಗ ಊಟ ಬಿಡುವುದನ್ನು, ದೇವರ ಮುಂದೆ ಕಣ್ಣು ಮುಚ್ಚಿ ತೂಗುವುದನ್ನು ಕಂಡು, ಹುಡುಗನಿಗೆ ಭಕ್ತಿ ಬಂದಿದೆ ಎಂದೇ ನಂಬಿದಳು. ರಾತ್ರಿ ಡ್ಯೂಟಿ ಮುಗಿಸಿ ಬಂದ ಅಪ್ಪ ಅಮೃತಪ್ಪನಿಗೂ, ಪಕ್ಕದ ಮನೆಯ ತೆಲುಗಿನವರಿಗೂ ಅದನ್ನೇ ಹೇಳಿದಳು. ನಿನ್ನ ಮಗ ಸೋಮವಾರ ಹಿಡಿದಾನ, ನಿನಗಂತೂ ಎಂದೂ ಆಗಲಿಲ್ಲ ಎಂದು ಅಪ್ಪನನ್ನು ಚುಚ್ಚಿದಳು ಕೂಡ. ಅಪ್ಪ ನಕ್ಕು ಮಲಗಿದ.

ಶೈಲಶ್ರೀ ಆಯಿಯ ಮುಖ ನೋಡುವಳು, ಬಾಯಿ ತೆರೆಯುವಳು, ಮುಚ್ಚುವಳು. ಹೇಳಿದರೆ ಆಯಿ ಹೋಗುತ್ತಾಳೆ. ಹೇಳದಿದ್ದರೆ ಅಣ್ಣ.

ಒಂದು ಸೋಮವಾರ ಆಯಿ ಇಬ್ಬರನ್ನೂ ಕರೆದುಕೊಂಡು ಹಳಿಯ ಆಚೆಗಿನ ಶಿವನ ಗುಡಿಗೆ ಹೊರಟಳು. ಫುಟ್ ಓವರ್ ಬ್ರಿಜ್ಜಿನ ಮೆಟ್ಟಿಲು ಇಳಿಯುವಾಗ ಎಂದಿನಂತೆ ಕಲ್ಲೇಶನ ತೋಳು ಹಿಡಿದಿದ್ದಳು. ಅರ್ಧ ಇಳಿದಿದ್ದರೋ ಇಲ್ಲವೋ, ಕಲ್ಲೇಶನ ಕಾಲು ಮಡಚಿದಂತಾಯಿತು. ಅವನು ವಾಲಿದ. ಜೊತೆಗೆ ಆಯಿಯೂ ವಾಲಿದಳು. ಹೂವಿನ ಬುಟ್ಟಿ ಕೆಳಗಿನ ಮೆಟ್ಟಿಲವರೆಗೂ ಉರುಳಿತು. ಎದುರಿನಿಂದ ಹತ್ತಿ ಬರುತ್ತಿದ್ದ ಹೆಂಗಸೊಬ್ಬಳು ಆಯಿಯ ರಟ್ಟೆ ಹಿಡಿಯದಿದ್ದರೆ ಏನಾಗುತ್ತಿತ್ತೋ. ಆಯಿಯ ಮೊಣಕೈ ಕಂಬಿಗೆ ಉಜ್ಜಿ ರಕ್ತ ಬಂತು.

ಕಲ್ಲೇಶ ಮೆಟ್ಟಿಲ ಮೇಲೆ ಕುಸಿದು ಕೂತ. ಹಣೆಯ ತುಂಬ ಬೆವರು. ಜನ ಸೇರಿದರು. ಹೊಟ್ಟೆಗೇನೂ ತಿಂದಿಲ್ಲವೇನೋ, ಚಾಯ್ ಕುಡಿಸಿ ಎಂದರು. ಆಯಿ ತನ್ನ ಮೊಣಕೈ ಮರೆತು, ಅವನ ಹಣೆಯನ್ನು ಸೆರಗಿನಿಂದ ಒರೆಸುತ್ತ, ಹುಡುಗ ಉಪಾಸ ಐತ್ರಿ ಎಂದು ಎಲ್ಲರಿಗೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. ಶೈಲಶ್ರೀಗೆ ಅದನ್ನು ಕೇಳಲಾಗಲಿಲ್ಲ.

ಗುಡಿಯ ಅಂಗಳದಲ್ಲಿ ಅಣ್ಣನನ್ನು ಬೇವಿನ ಕಟ್ಟೆಯ ಮೇಲೆ ಮಲಗಿಸಿದ ಮೇಲೆ ಅವಳು ಆಯಿಗೆ ಅಂಟಿ ಕೂತಳು.

"ಆಯಿ, ಆಣಿ ಮುರದ್ರ ಖರೇನ ಸಾಯ್ತಾರೇನು?"

"ಯಾರ ಮ್ಯಾಲೆ ಮಾಡಿದಿ?"

ಶೈಲಶ್ರೀ ಆಯಿಯ ತರಚಿದ ಮೊಣಕೈಯನ್ನೇ ನೋಡಿದಳು. ಆಣೆಯನ್ನು ಅವಳು ಮುರಿದಿರಲಿಲ್ಲ. ಆದರೂ ಆಯಿ ಬೀಳುತ್ತಿದ್ದಳು.

ಆಯಿಗೆ ತಿಳಿಯಿತು. ಮೊಮ್ಮಗಳ ಗಲ್ಲ ಹಿಡಿದೆತ್ತಿದಳು.

"ನನ್ನ ಮ್ಯಾಲೇನು? ನನ್ನ ಜೀವ ನಿನ್ನ ನಾಲಿಗಿ ಮ್ಯಾಲಿಲ್ಲ ಮಗಾ. ಅದು ಶಿವನ ಕೈಯಾಗೈತಿ. ಹೇಳು."

ಶೈಲಶ್ರೀ ಹೇಳಿದಳು. ಗೋಡೆ, ಕರವಸ್ತ್ರ, ವಾಸನೆ, ಅದನ್ನು ಮುಚ್ಚುವ ಊದಿನಕಡ್ಡಿ, ಎಲ್ಲ. ಹೇಳುತ್ತ ಹೇಳುತ್ತ ಅತ್ತಳು. ಆಯಿ ಗರ್ಭಗುಡಿಯ ದೀಪವನ್ನು ನೋಡುತ್ತ, ನನಗೂ ಮಂಜು ಕವಿದಿತ್ತಲ್ಲೋ ಶಿವನೇ ಎಂದಷ್ಟೇ ತನ್ನಲ್ಲೇ ಅಂದುಕೊಂಡಳು.

ಆಮೇಲೆ, ಹಿಂದೊಮ್ಮೆ ಕಲ್ಲೇಶನಿಗೂ ಹೇಳಿದ್ದ ತನ್ನ ಊರಿನ ಮಾತು ಹೇಳಿದಳು. ಅಲ್ಲಿ ಯಾರಾದರೂ ಆಣೆ ಹಾಕಿಸಿದರೆ, ಹಾಕಿಸಿದವರೇ ಆಣೆ ಮಾಡಿದವರ ಅಂಗೈಗೆ ಬೊಗಸೆ ನೀರು ಬಿಟ್ಟು ಅದನ್ನು ಬಿಡಿಸಬೇಕಂತೆ. "ಅದು ಅವ ನಿನಗ ಕೊಡೂದು. ಅವನಿಗೆ ತಿಳದಾಗ ಕೊಡ್ತಾನ. ಈಗ ನಮ್ಮ ಕೆಲಸ ನಾವು ಮಾಡೂಣು, ಏಳು."

ಸಂಜೆ ಅಪ್ಪನಿಗೆ ಗೊತ್ತಾದಾಗ ಅವನ ಕೈ ಮೇಲೆ ಎದ್ದಿತು. ಆಯಿ ನಡುವೆ ಬಂದು ನಿಂತಳು.

"ಹೊಡದ್ರ ಜ್ವರ ಬಿಡತೈತೇನೋ ಅಮೃತಾ? ಇದೂ ಹಂಗ. ಡಾಕ್ಟರ ಕಡೆ ನಡಿ."

ಎದ್ದ ಕೈ ಹಾಗೇ ಇಳಿದು ಮಗನ ಹೆಗಲ ಮೇಲೆ ಕೂತಿತು. ಅಪ್ಪ ಅತ್ತದ್ದನ್ನು ಮಕ್ಕಳಿಬ್ಬರೂ ಅಂದೇ ಮೊದಲು ನೋಡಿದರು.

ಆಸ್ಪತ್ರೆಯ ಡಾಕ್ಟರು ಮೃಣಾಲಿನಿ ಮೇಡಂ. ಅವರ ಹಿರಿಯರೂ ವಿಜಯಪುರದ ಕಡೆಯವರು. ಅವರು ಬೈಯಲಿಲ್ಲ. ಅಮಲಿಗೆಂದು ಮೂಸುವ ಆ ವಾಸನೆ ಮಿದುಳನ್ನೂ ನರಗಳನ್ನೂ ಹಾಳು ಮಾಡುತ್ತದೆ, ಕೆಲವರಿಗೆ ಮೊದಲ ಸಲವೇ ಎದೆಬಡಿತ ನಿಂತುಹೋದದ್ದುಂಟು ಎಂದು ಮುಚ್ಚಿಡದೆ ಹೇಳಿದರು. ಕಲ್ಲೇಶ ಆಗ ಅವರ ಮುಖ ನೋಡಿದ. ಹೇಗೆ ಶುರುವಾಯಿತೆಂದು ಕೇಳಿದಾಗ, ಹೊಸ ಸ್ಕೂಲಿನಲ್ಲಿ ತನ್ನ ತೆಲುಗು ಕೇಳಿ ಎಲ್ಲರೂ ನಗುತ್ತಿದ್ದರು, ಇಬ್ಬರು ಮಾತ್ರ ನಗಲಿಲ್ಲ, ಜೊತೆಗೆ ಕರೆದರು, ಅವರೇ ಕೊಟ್ಟರು ಎಂದ.

"ಬಿಡಬೇಕಂತ ಅನಸತೈತ್ರಿ ಮೇಡಂ," ಅವನ ದನಿ ಸಣ್ಣದಾಯಿತು. "ಬಿಡಾಕ ಆಗವಲ್ದ್ರಿ."

"ಒಬ್ಬನ ಕೈಲೆ ಆಗೂದಲ್ಲಪ್ಪಾ ಅದು," ಎಂದರು ಮೇಡಂ. "ಅದಕ್ಕ ನಾವು ಇಷ್ಟು ಮಂದಿ ಇಲ್ಲಿ ಕೂತೀವಿ."

ವಾರ ವಾರ ಆಸ್ಪತ್ರೆಗೆ ಹೋಗುವುದು ಶುರುವಾಯಿತು. ಅಪ್ಪ ಡ್ಯೂಟಿ ಬದಲಾಯಿಸಿಕೊಂಡು ಜೊತೆಗೆ ಹೋದ. ಸಂಜೆ ಆಡಲು ಹೋಗುವಾಗಲೂ ಯಾರಾದರೊಬ್ಬರು ಜೊತೆಗಿರುತ್ತಿದ್ದರು. ಕಲ್ಲೇಶನಿಗೆ ನಿದ್ದೆ ಬರುತ್ತಿರಲಿಲ್ಲ, ಸಿಡಿಮಿಡಿ ಹೆಚ್ಚಿತ್ತು. ನಡುವೆ ಒಮ್ಮೆ ಮತ್ತೆ ಅದೇ ಚಟಕ್ಕೆ ಜಾರಿದ ಕೂಡ. ಮನೆಯವರು ಕಂಗಾಲಾದರು. ಆದರೆ ಈ ಸಲ ಅವನೇ ಬಂದು ಹೇಳಿದ್ದ. ತಾನೇ ಹೇಳಿದ್ದು ದೊಡ್ಡದು, ಮತ್ತೆ ಹಿಡಿದುಕೊಳ್ಳೋಣ ಎಂದರಂತೆ ಮೇಡಂ.

ತಂಗಿಯೊಡನೆ ಮಾತ್ರ ಅವನು ಮಾತಾಡುತ್ತಿರಲಿಲ್ಲ. ಅವಳು ಒಳಗೆ ಬಂದರೆ ಹೊರಗೆ ಹೋಗುತ್ತಿದ್ದ. ಶೈಲಶ್ರೀ ದಿನಾ ಬೆಳಿಗ್ಗೆ ಎದ್ದ ಕೂಡಲೇ ಆಯಿಯ ಹಾಸಿಗೆಯ ಕಡೆ ನೋಡುತ್ತಿದ್ದಳು. ಆಯಿ ಎದ್ದು, ವಿಭೂತಿ ಹಚ್ಚಿಕೊಂಡು, ಯಾರನ್ನಾದರೂ ಗದರುತ್ತಿರುತ್ತಿದ್ದಳು. ಆದರೂ ಎದೆಯೊಳಗಿನ ಅಳುಕು ಹೋಗಿರಲಿಲ್ಲ.

ಬಿಸಿಲು ಏರಲು ಶುರುವಾದ ದಿನಗಳವು. ಒಂದು ಬೆಳಿಗ್ಗೆ ಕಲ್ಲೇಶ ಮೂರನೇ ರೊಟ್ಟಿ ಕೇಳಿದ. ಹಿಟ್ಟು ಮುಗೀತಲ್ಲೋ ಎಂದು ಬೈಯುತ್ತಲೇ ಆಯಿ ತನ್ನ ತಟ್ಟೆಯದನ್ನು ಅವನ ತಟ್ಟೆಗೆ ಹಾಕಿ, ಮುಖ ಆಚೆ ತಿರುಗಿಸಿಕೊಂಡಳು.

ಶೈಲಶ್ರೀ ಅಂಗಳದ ನಲ್ಲಿಯಲ್ಲಿ ಕೈ ತೊಳೆದು ತಿರುಗಿದಾಗ ಅಣ್ಣ ಹಿಂದೆ ನಿಂತಿದ್ದ. ಅವಳು ದಾರಿ ಬಿಟ್ಟಳು. ಅವನು ಹೋಗಲಿಲ್ಲ.

"ಕೈ ಹಿಡಿ," ಎಂದ.

ಅವಳು ಎರಡೂ ಕೈ ಚಾಚಿದಳು. ಕಲ್ಲೇಶ ನಲ್ಲಿಯ ಕೆಳಗೆ ಬೊಗಸೆ ಒಡ್ಡಿ ನೀರು ತುಂಬಿಕೊಂಡ. ಒಂದು ಹನಿಯೂ ಚೆಲ್ಲದಂತೆ ಮೆಲ್ಲಗೆ ತಿರುಗಿದ. ಇಷ್ಟು ದಿನ ಅವನು ಮಾತು ಬಿಟ್ಟದ್ದು ತನ್ನ ಮೇಲಿನ ಸಿಟ್ಟಿನಿಂದಲ್ಲ ಎಂದು ಶೈಲಶ್ರೀಗೆ ಆಗ ತಿಳಿಯಿತು. ಮುಖ ತೋರಿಸಲು ಅವನಿಗೇ ಆಗಿರಲಿಲ್ಲ.

ತಲೆ ತಗ್ಗಿಸಿಕೊಂಡೇ ಅವನು ಬೊಗಸೆಯ ನೀರನ್ನು ಅವಳ ಅಂಗೈಗೆ ಬಿಟ್ಟ. ಪೂರ್ತಿ ಬಿಟ್ಟ.